ಗೂಡು ಮಾರದೆ ಕೂತ ವಾರ

ಅರ್ಧ ಲಾಯರು ಶಿಡ್ಲಘಟ್ಟದಲ್ಲಿ ಮೊದಲು ಹಾಕಿಸಿದ್ದು ಒಂದು ಚಪ್ಪರ. ರೇಷ್ಮೆ ಗೂಡಿನ ಗಾಡಿಗಳು ಬಂದು ನಿಲ್ಲುವ ಬಯಲಿನಲ್ಲಿ ಅಲ್ಲಿಯವರೆಗೆ ರೈತರಿಗೆ ಕೂರಲು ಜಾಗವಿರಲಿಲ್ಲ, ಕುಡಿಯಲು ನೀರಿರಲಿಲ್ಲ. ಇವರು ಗರಿ ಹೊದಿಸಿ, ಬೆಂಚು ಹಾಕಿಸಿ, ಗುಡಾಣದಲ್ಲಿ ನೀರುಮಜ್ಜಿಗೆ ಇಡಿಸಿದರು. ಮೂಲೆಯ ಗಳುವಿಗೆ ಪಕ್ಷದ ಬಾವುಟ ಏರಿದ್ದು ಆಮೇಲೆ. ಅಷ್ಟು ಹೊತ್ತಿಗೆ ಎಲ್ಲರಿಗೂ ಮಜ್ಜಿಗೆಯ ರುಚಿ ಹತ್ತಿತ್ತು.

ಅವರು ಚಿಂತಾಮಣಿ ಕಡೆಯ ದೊಡ್ಡ ಜಮೀನುದಾರರ ಮಗ. ಬೆಂಗಳೂರಿಗೆ ಲಾ ಓದಲು ಹೋಗಿ ನಡುವೆ ಬಿಟ್ಟು ಬಂದಿದ್ದರು. ಆ ಹೆಸರನ್ನು ಇಟ್ಟವರು ನಮ್ಮ ದೊಡ್ಡಪ್ಪ, ಅದೂ ಪ್ರೀತಿಯಿಂದ. ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ರಜೆಗೆ ಊರಿಗೆ ಬಂದವಳಿಗೆ ಹುಳಕ್ಕೆ ಸೊಪ್ಪು ಹಾಕುವುದು, ದೊಡ್ಡಪ್ಪನ ಜೊತೆ ಗಾಡಿಯಲ್ಲಿ ಪೇಟೆಗೆ ಹೋಗುವುದು ಇದ್ದದ್ದೇ. ಆ ಚಪ್ಪರದಲ್ಲಿ ರಾಜಕೀಯ ಹುಟ್ಟಿದ್ದನ್ನು ಹಾಗೆ ಕಂಡೆ.

ಶುರುವಿನಲ್ಲಿ ಅವರು ಭಾಷಣವನ್ನೇ ಮಾಡಲಿಲ್ಲ. ಬಂದವರನ್ನೆಲ್ಲ ಯಾವೂರು, ಯಾರ ಮಗ, ಯಾರ ಮನೆಗೆ ಹೆಣ್ಣು ಕೊಟ್ಟಿದ್ದೀರಿ ಎಂದು ವಿಚಾರಿಸಿ, ಗೌರಿಬಿದನೂರಿನವರೆಗೂ ನೆಂಟಸ್ತಿಕೆ ಹುಡುಕಿ ತೆಗೆಯುತ್ತಿದ್ದರು. ಆಮೇಲೆ ಎಲ್ಲಿ ನೋಯುತ್ತದೆ ಎಂದು ಕೇಳುತ್ತಿದ್ದರು. ನೋವು ನಿಜವಾಗಿಯೂ ಇತ್ತು. ನಮ್ಮಲ್ಲಿ ಗೂಡಿನ ದರವನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಮಾರುವವನೂ ಕೊಳ್ಳುವವನೂ ಒಂದು ಟವಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ದರ ಹೇಳಬೇಕು, ಬೆರಳು ಬಿಡಿಸಿಕೊಂಡರೆ ಒಲ್ಲೆ ಎಂದರ್ಥ. ಪಕ್ಕದವನಿಗೆ ಎಷ್ಟು ಸಿಕ್ಕಿತೆಂಬುದು ಯಾರಿಗೂ ತಿಳಿಯದು. ಆದ್ದರಿಂದ ತನಗೆ ಮೋಸವಾಗಿದೆ ಎಂದು ಪ್ರತಿಯೊಬ್ಬನೂ ನಂಬಿದ್ದ.

"ಕೈ ಮುಚ್ಕೊಂಡು ವ್ಯಾಪಾರ ಯಾಕಪ್ಪ? ನಮ್ಮ ನಾಡಲ್ಲಿ, ನಮ್ಮ ಗೂಡಿಗೆ, ನಮ್ಮ ಭಾಷೇಲಿ ಗಟ್ಟಿಯಾಗಿ ರೇಟು ಹೇಳಕ್ಕೆ ಇವ್ರಿಗೇನು ಕಷ್ಟ?" ಎಂದು ಅರ್ಧ ಲಾಯರು ಕೇಳಿದ ದಿನ ಬೆಂಚುಗಳು ಸಾಲದೆ ಜನ ನಿಂತಿದ್ದರು. 'ಇವರು' ಎಂದರೆ ಯಾರೆಂದು ಅವರು ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಗೂಡು ಕೊಂಡು ನೂಲು ಬಿಚ್ಚುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಉರ್ದು ಆಡುವ ಸಾಹೇಬರು. ಅದೇ ಟವಲ್ಲಿನಡಿ ನಡುವೆ ಕೈ ಹಾಕುವ ದಳ್ಳಾಳಿಗಳೆಲ್ಲ ನಮ್ಮ ನೆಂಟರು. ಅವರು ಮುಂದಿನ ಬೆಂಚಿನಲ್ಲಿ ಕೂತು ಮಜ್ಜಿಗೆ ಕುಡಿಯುತ್ತ ತಲೆದೂಗುತ್ತಿದ್ದರು.

ಮನೆಯಲ್ಲಿ ಬೇರೆ ಭಾಷೆ ಆಡುವವರೆಲ್ಲ ಹೊರಗಿನವರು ಎಂದು ಇನ್ನೊಂದು ದಿನ ಅಪ್ಪಣೆಯಾಯಿತು. ಕೂತಿದ್ದವರಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ತೆಲುಗು ಆಡುವವರೇ. ಸಿಟ್ಟು ಬಂದಾಗ ಅರ್ಧ ಲಾಯರೂ ತೆಲುಗಿಗೇ ಇಳಿಯುತ್ತಿದ್ದರು. ಯಾರೊಬ್ಬರೂ ಬೆಂಚು ಬಿಟ್ಟೇಳಲಿಲ್ಲ. ಗಾಡಿಯಲ್ಲಿ ವಾಪಸು ಬರುವಾಗ ದೊಡ್ಡಪ್ಪನನ್ನು ಕೆಣಕಿದೆ. "ಅದು ತೆಲುಗಲ್ಲ ಕಣಮ್ಮ, ಮನೆ ಮಾತು" ಎಂದರು.

ಕನ್ನಡದಲ್ಲಿ ಗಟ್ಟಿಯಾಗಿ ದರ ಕೂಗುವವರೆಗೆ ಸಾಹೇಬರುಗಳಿಗೆ ಗೂಡು ಕೊಡಬಾರದೆಂದು ಆಮೇಲೆ ತೀರ್ಮಾನವಾಯಿತು. ನಮ್ಮ ಮನೆಯ ಗೂಡು ಅಜ್ಜನ ಕಾಲದಿಂದ ಒಬ್ಬರೇ ಸಾಹೇಬರಿಗೆ ಹೋಗುತ್ತಿತ್ತು. ಅವರು ದೊಡ್ಡಪ್ಪನ ಓರಗೆಯವರು. ಬೀದಿ ಬದಿಯಲ್ಲಿ ನೂಲು ಬಿಚ್ಚುವ ಚರಕದ ಕೊಟ್ಟಿಗೆ, ಹಿಂದೆ ಹೆಂಡತಿ, ಮುದಿ ತಾಯಿಯೊಡನೆ ಸಂಸಾರ. ನಮಗಿಂತ ಚೆನ್ನಾಗಿ ಕನ್ನಡದಲ್ಲಿ ಬೈಯಬಲ್ಲವರು. ತಕ್ಷಣ ಹೇಳಿ ಕಳಿಸಿದರು: ಅದಕ್ಕೇನು, ಬನ್ನಿ, ಎಲ್ಲರೆದುರಿಗೆ ಕೂಗಿಯೇ ಹೇಳುತ್ತೇನೆ.

ಈಗ ನಮ್ಮವರ ಮುಖ ನೋಡಬೇಕಿತ್ತು. ಮಂದಿಯ ದರ ತನಗೆ ಕೇಳಬೇಕೆಂದು ಎಲ್ಲರಿಗೂ ಆಸೆ. ತನ್ನ ದರ ಮಂದಿಗೆ ಕೇಳುವುದು ಒಬ್ಬನಿಗೂ ಬೇಡ. ದೊಡ್ಡಪ್ಪನಂತೂ ತಮ್ಮ ಬೀಗರ ಕಿವಿಗೆ ದರ ಬೀಳುವುದಕ್ಕಿಂತ ಗೂಡನ್ನು ತಿಪ್ಪೆಗೆ ಸುರಿಯುವುದು ವಾಸಿ ಎಂದರು. ಗೆದ್ದ ಹೋರಾಟವನ್ನು ಒಪ್ಪಿಕೊಳ್ಳಲಾರದೆ ಎಲ್ಲರೂ ಅದನ್ನು ಮುಂದುವರಿಸಿದರು.

ಗೂಡು ಕಾಯುವ ಸರಕಲ್ಲ. ಒಳಗಿನ ಹುಳವನ್ನು ಬಿಸಿಲಿಗೋ ಹಬೆಗೋ ಹಾಕಿ ಸಾಯಿಸದಿದ್ದರೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗದು. ಬಿಸಿಲಿಗಾದರೂ ಹಾಕಿ ಎಂದು ನಾನು ಹೇಳಿದೆ. ಹಾಕಿದರೆ ತೂಕ ಇಳಿಯುತ್ತದೆಂದು ದೊಡ್ಡಪ್ಪ ನೆರಳಿನಲ್ಲೇ ಜೋಪಾನ ಮಾಡಿದರು. ಊರೆಲ್ಲ ಹಾಗೇ ಜೋಪಾನ ಮಾಡಿತು. ವಾರ ಕಳೆಯುವಷ್ಟರಲ್ಲಿ ಚಪ್ಪರದ ಸಭೆಗೆ ತಂದಿಟ್ಟಿದ್ದ ಕುಕ್ಕೆಗಳಿಂದ ಬಿಳಿ ಚಿಟ್ಟೆಗಳು ತೆವಳಿ ಬಂದವು. ಹಾರಲಾರದ ಪ್ರಾಣಿಗಳು, ಪಟಪಟನೆ ರೆಕ್ಕೆ ಬಡಿಯುತ್ತ ಬೆಂಚು ಹತ್ತಿದವು, ಬಾವುಟ ಹತ್ತಿದವು. ಒಂದು ಜೋಡಿ ಅರ್ಧ ಲಾಯರ ಜುಬ್ಬದ ಮೇಲೆಯೇ ಸಂಸಾರ ಹೂಡಿತು. ಹಿಂದೆ ಯಾರೋ ಕಿಸಕ್ಕೆಂದರು, ನಾನೂ ನಕ್ಕೆ.

ಆ ನಗು ಇನ್ನಷ್ಟು ಹೊತ್ತು ನಡೆಯಬೇಕಿತ್ತು ಎಂದು ಈಗಲೂ ಅನಿಸುತ್ತದೆ. ಅರ್ಧ ಲಾಯರು ಚಿಟ್ಟೆಯನ್ನು ಕೊಡವಿಕೊಂಡು, ನಮ್ಮ ಸಾಹೇಬರ ಕೊಟ್ಟಿಗೆಯ ಕಡೆ ಕೈ ತೋರಿಸಿ, ಮೆಲ್ಲನೆ, ಬೇಕೆಂದೇ ನಮ್ಮ ಬೆಳೆ ಹಾಳಾಗಲಿ ಅಂತ ಆ ಸಾಹೇಬ ಕೊಳ್ಳಲು ಬರಲಿಲ್ಲ ಎಂದರು. ಬನ್ನಿ, ಕೂಗಿಯೇ ಹೇಳುತ್ತೇನೆಂದು ಅವರು ಹೇಳಿ ಕಳಿಸಿದ್ದು ಎಲ್ಲರಿಗೂ ಗೊತ್ತಿತ್ತು. ಆದರೆ ಹಾಳಾದ ಗೂಡು ಕಣ್ಣೆದುರಿಗಿತ್ತು, ಅದು ತನ್ನಿಂದಲೇ ಹಾಳಾಯಿತೆಂದು ಒಪ್ಪುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ. ಜನ ಎದ್ದರು. ಮನೆಗೆ ಹೋಗಲೆಂದು ನಾವು ಹತ್ತಿದ ಗಾಡಿ ಸಾಹೇಬರ ಬೀದಿಯ ಕಡೆಗೇ ಮುಖ ಮಾಡಿ ನಿಂತಿತ್ತು, ಹಿಂದಿನವರು ನೂಕಿದ್ದಕ್ಕೆ ಎತ್ತುಗಳು ಹೊರಟೇಬಿಟ್ಟವು. ಮೆರವಣಿಗೆಯ ಮುಂದೆ ನಾನೂ ದೊಡ್ಡಪ್ಪನೂ ಕೂತಿದ್ದೆವು.

ಚರಕದ ಕೊಟ್ಟಿಗೆಗೆ ಬೀದಿಯ ಕಡೆ ಗೋಡೆಯಿರಲಿಲ್ಲ. ಒಲೆಗಳ ಮೇಲೆ ನೀರು ಕುದಿಯುತ್ತಿತ್ತು. ಸಾಹೇಬರು ಲುಂಗಿ ಬನಿಯನ್ನಿನಲ್ಲಿ, ಮೊಣಕೈವರೆಗೆ ಒದ್ದೆಯಾದ ಕೈಗಳೊಡನೆ ಮೆಟ್ಟಿಲಿಗೆ ಬಂದರು. ಹಿಂದಿನಿಂದ ಬಂದ ಒಂದು ಕಲ್ಲು ಕುದಿಯುವ ಬಾಣಲೆಗೆ ಬಿದ್ದು, ನೂಲು ಬಿಚ್ಚುತ್ತಿದ್ದ ಹೆಂಗಸಿನ ತೋಳಿಗೆ ನೀರು ಸಿಡಿಯಿತು. ಆಕೆ ಕೂಗಿದಳು. ನನ್ನ ಗಾಡಿಯ ಗಾಲಿಯ ಪಕ್ಕದಲ್ಲೇ, ನಮ್ಮ ಮನೆಗೆ ಹಾಲು ತರುತ್ತಿದ್ದವನು ಕಲ್ಲು ಹಿಡಿದು ನಿಂತಿದ್ದ. ಅವನ ಕೈ ಏಳುತ್ತಿದ್ದುದನ್ನು ನಾನು ಕಂಡೆ. ಅದು ಅಲ್ಲಿಂದ ಮೇಲೇರುವುದನ್ನು ಕನಸಿನಲ್ಲಿ ಇವತ್ತಿಗೂ ಕಾಣುತ್ತೇನೆ.

ದೊಡ್ಡಪ್ಪ ಗಾಡಿಯಿಂದ ಇಳಿದರು. ಹೆಗಲ ಟವಲ್ಲನ್ನು ಕೊಡವಿ, ಬಲಗೈ ಮೇಲೆ ಹೊದಿಸಿಕೊಂಡು, ಮೆಟ್ಟಿಲಿನವರೆಗೆ ನಡೆದು ಕೈ ಚಾಚಿದರು.

"ಬನ್ನಿ ಸಾಹೇಬ್ರೆ, ಮಾತಾಡಣ."

ಸಾಹೇಬರು ಜನರನ್ನು ನೋಡಿದರು, ಟವಲ್ಲನ್ನು ನೋಡಿದರು, ಕೈ ಒಳಗಿಟ್ಟರು. ನಮ್ಮವರ ಅಭ್ಯಾಸ ಎಂಥದು ನೋಡಿ: ಟವಲ್ಲು ಬಿದ್ದದ್ದೇ ತಡ, ಅಷ್ಟೂ ಜನ ಕತ್ತು ಮುಂದಕ್ಕೆ ಚಾಚಿ ಇಬ್ಬರ ಮುಖ ಓದತೊಡಗಿದರು. ತೂತು ಗೂಡಿಗೆ ಎಷ್ಟು ಕೊಡುತ್ತಾನೆ? ಹಾಲಿನವನು ಕಲ್ಲನ್ನು ಕೆಳಗಿಟ್ಟು ತನ್ನ ಕುಕ್ಕೆ ತರಲು ಓಡಿದ. ದೊಡ್ಡಪ್ಪ ಆಯ್ತು ಎಂದು ತಲೆಯಾಡಿಸಿದಾಗ ಹಿಂದೆ ಸಾಲು ನಿಂತಿತ್ತು, ಸಾಲಿನಲ್ಲಿ ತನ್ನದು ಮುಂದು ಎಂದು ಜಗಳವೂ ಶುರುವಾಗಿತ್ತು.

ದಾರಿಯಲ್ಲಿ ಕೇಳಿದೆ, ಅವರನ್ನು ಉಳಿಸಲೆಂದೇ ಹಾಗೆ ಮಾಡಿದಿರಾ ಎಂದು.

"ಹಾಳಾದ ಮಾಲು ಕಣಮ್ಮ. ಮೊದ್ಲು ಕೈ ಹಾಕ್ದೋನಿಗೇ ರೇಟು." ಸ್ವಲ್ಪ ದೂರ ಹೋದ ಮೇಲೆ ಎತ್ತುಗಳ ಕಡೆ ನೋಡುತ್ತ ಹೇಳಿದರು: "ಆದ್ರೆ ರೇಟು ಎಷ್ಟು ಅಂದ್ರು ಅಂತ ತಿಳೀಲೇ ಇಲ್ಲ. ಬೆರಳು ಅಷ್ಟು ನಡುಗ್ತಿತ್ತು. ಸುಮ್ನೆ ತಲೆ ಆಡಿಸ್ದೆ."

ಅರ್ಧ ಲಾಯರು ತಡವಾಗಿ ಬಂದು ಆ ಸಾಲನ್ನು ನೋಡಿದರಂತೆ. ಮಾರನೆಯ ದಿನ ಚಪ್ಪರದಲ್ಲಿ, ಹಾಳಾದ ಗೂಡನ್ನೂ ಸಾಹೇಬ ಕೊಳ್ಳುವಂತೆ ಮಾಡಿದ್ದು ನಮ್ಮ ಒಗ್ಗಟ್ಟು ಎಂದು ಸಾರಿದರು. ಒಂದು ವಾರದ ಪೆದ್ದುತನಕ್ಕೆ ಇಷ್ಟು ಒಳ್ಳೆಯ ಹೆಸರು ಸಿಕ್ಕಿದ ಮೇಲೆ ಬೇಡವೆನ್ನುವವರು ಯಾರು? ಮುಂದಿನ ತಾಲ್ಲೂಕು ಬೋರ್ಡು ಚುನಾವಣೆಯಲ್ಲಿ ನಮ್ಮೂರು ಪೂರ್ತಿ ಅವರ ಕಡೆ ಬಿತ್ತು. ದೊಡ್ಡಪ್ಪನ ಓಟೂ ಅಲ್ಲಿಗೇ ಹೋಯಿತು.

ಮುಂದಿನ ಬೆಳೆಯ ಗೂಡು ತೆಗೆದುಕೊಂಡು ಹೋದಾಗ ಕೊಟ್ಟಿಗೆಯ ಬೀದಿ ಬದಿಗೆ ಹಲಗೆ ಹೊಡೆದು, ಅದರಲ್ಲೊಂದು ಬಾಗಿಲು ಇಟ್ಟಿದ್ದರು. ದೊಡ್ಡಪ್ಪ ಬಾಗಿಲು ತಟ್ಟಿದರು.

ಯಾರು ಎಂದು ಒಳಗಿನಿಂದ ಸಾಹೇಬರ ದನಿ ಕೇಳಿತು.

"ನಾನೇ ಸಾಹೇಬ್ರೆ."

"ನಾನು ಅಂದ್ರೆ ಯಾರು?"

ದೊಡ್ಡಪ್ಪ ತಮ್ಮ ಹೆಸರು ಹೇಳಿದರು, ಊರು ಹೇಳಿದರು, ಅಜ್ಜನ ಹೆಸರನ್ನೂ ಹೇಳಿ, ಕುಕ್ಕೆ ಹೊತ್ತುಕೊಂಡು ಕಾದರು.