ಬೆಲ್ಟ್ ನೋಡಿ ಎಂದರೆ ನನ್ನ ಕೈ ನೋಡಿದರು

ಕಳೆದ ವರ್ಷದ ಬೇಸಿಗೆಯ ಮಾತು. ನಮ್ಮ ಅತ್ತೆ ಗಂಗವ್ವನವರಿಗೆ ರಾಣೇಬೆನ್ನೂರಿನಲ್ಲಿ ಕಣ್ಣಿನ ಪೊರೆ ತೆಗೆಸಿದ್ದೆವು. ಮತ್ತೊಮ್ಮೆ ತೋರಿಸಿಕೊಂಡು ಹೋಗಿ ಎಂದು ಡಾಕ್ಟರು ಕರೆದಿದ್ದ ದಿನ ದಾರಿಯಲ್ಲಿ ನಡೆದದ್ದನ್ನು ನೆನೆದರೆ, ಈಗಲೂ ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬರುತ್ತದೆ.

ನಮ್ಮದು ಮೋಟೆಬೆನ್ನೂರು. ನಾನು ಬ್ಯಾಡಗಿಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತೇನೆ. ನನ್ನ ಗಂಡ ಅಲ್ಲಿಯೇ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿದ್ದಾರೆ. ಅವರು ಬೇಗ ಹೋಗಿ ತಡವಾಗಿ ಬರುವವರು. ಹಾಗಾಗಿ ನನ್ನ ಓಡಾಟಕ್ಕೆ ಗೇರಿಲ್ಲದ ಒಂದು ಸಣ್ಣ ಸ್ಕೂಟರ್ ಇದೆ.

ಯುಗಾದಿಯ ಹೊತ್ತಿಗೆ ಅದು ತಕರಾರು ಶುರು ಮಾಡಿತು. ಮೊದಮೊದಲು ಹೊರಡುವಾಗ ಮೈ ನಡುಗಿದಂತೆ ಒಮ್ಮೆ ಜಗ್ಗುತ್ತಿತ್ತು. ಆಮೇಲೆ ಸ್ವಲ್ಪ ಏರು ಬಂದರೂ ಸಾಕು, ಎಕ್ಸಿಲೇಟರ್ ತಿರುವಿದಷ್ಟೂ ಎಂಜಿನ್ ಕೂಗುತ್ತಿತ್ತೇ ಹೊರತು ಗಾಡಿ ಮುಂದೆ ಹೋಗುತ್ತಿರಲಿಲ್ಲ. ಬಿಸಿಯಾದ ಮೇಲೆ ರಬ್ಬರ್ ಸುಟ್ಟ ವಾಸನೆ ಬೇರೆ.

ರಾಣೇಬೆನ್ನೂರಿನ ಸರ್ವಿಸ್ ಸೆಂಟರಿಗೆ ಒಯ್ದೆ. ಪ್ಲಗ್ ಬದಲಿಸಿ, ಗಾಳಿ ಫಿಲ್ಟರ್ ಸ್ವಚ್ಛ ಮಾಡಿ ಕೊಟ್ಟರು. ಏನೂ ಸುಧಾರಿಸಲಿಲ್ಲ. ಮತ್ತೆ ಹೋದೆ. ಪೆಟ್ರೋಲ್ ಸರಿಯಿಲ್ಲ, ಬಂಕ್ ಬದಲಿಸಿ ಎಂದರು. ಅದನ್ನೂ ಮಾಡಿ ನೋಡಿದೆ. ಕೊನೆಗೆ ಮೊಬೈಲಿನಲ್ಲಿ ಇಂಥದೇ ತೊಂದರೆಯ ವಿಡಿಯೋಗಳನ್ನು ಹುಡುಕಿ ನೋಡಿದೆ. ಈ ಗಾಡಿಗಳಲ್ಲಿ ಎಂಜಿನ್ನಿನ ಓಟವನ್ನು ಹಿಂದಿನ ಗಾಲಿಗೆ ಮುಟ್ಟಿಸುವುದು ಒಂದು ರಬ್ಬರ್ ಬೆಲ್ಟ್. ಅದು ಸವೆದು ಜಾರಿದರೆ ಎಂಜಿನ್ ತಿರುಗುತ್ತದೆ, ಗಾಲಿಗೆ ಬಲ ಮುಟ್ಟುವುದಿಲ್ಲ. ನನ್ನ ಗಾಡಿಯಲ್ಲಿ ಆಗುತ್ತಿದ್ದುದೂ ಅದೇ. ಸೆಂಟರಿಗೆ ಹೋಗಿ ಅಲ್ಲಿನ ಸುಪರ್‌ವೈಜರ್‌ಗೆ ಹೇಳಿದೆ, ಬೆಲ್ಟಿನ ಕವರ್ ತೆಗೆದು ನೋಡಿ ಎಂದು. ಗಾಡಿಯನ್ನು ಒಳಗೆ ಒಯ್ದು ಅರ್ಧ ತಾಸು ಇಟ್ಟುಕೊಂಡು, ತೊಳೆದು ಹೊರಗೆ ತಂದರು.

"ಬೆಲ್ಟ್ ನೋಡೇವ್ರಿ ಮೇಡಮ್‌ರ, ಚಲೋ ಐತಿ," ಎಂದ ಆತ. "ಹೆಣಮಕ್ಕಳು ಬ್ರೇಕ್ ಹಿಡಕೊಂಡ ಎಕ್ಸಿಲೇಟರ್ ಕೊಡತೀರಿ, ಅದಕ್ಕ ಎಳೆಯೂದಿಲ್ಲ. ಐಬು ಗಾಡ್ಯಾಗಿಲ್ಲ, ನಿಮ್ಮ ಕೈಯಾಗ ಐತಿ. ಮೊಬೈಲ್ ನೋಡಿ ಮೆಕ್ಯಾನಿಕ್ ಆಗಾಕ ಬರೂದಿಲ್ರಿ."

ಅಲ್ಲಿ ಕೂತಿದ್ದ ಗಂಡಸರು ನಕ್ಕರು. ನಾನು ಗಾಡಿ ತೆಗೆದುಕೊಂಡು ಹೊರಗೆ ಬಂದೆ.

ಮನೆಯಲ್ಲಿ ಹೇಳಿದರೆ ನನ್ನ ಗಂಡ ಗಾಡಿಯನ್ನು ಊರೊಳಗಿನ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದರು. ಚೆನ್ನಾಗಿಯೇ ಇದೆಯಲ್ಲ, ಸರ್ವಿಸಿನವರು ದಿನಾ ಇದನ್ನೇ ಮಾಡುವವರು, ಅವರಿಗೆ ತಿಳಿಯುವುದಿಲ್ಲವೇ ಎಂದರು. ಅವಸರ ಮಾಡದೆ ಹೊಡಿ ಎಂದು ಅತ್ತೆಯೂ ದನಿಗೂಡಿಸಿದರು. ಎಲ್ಲರೂ ಹೀಗೆ ಅಂದಮೇಲೆ ನನಗೇ ನನ್ನ ಕೈಯ ಮೇಲೆ ಅನುಮಾನ ಬಂತು. ಅಂದಿನಿಂದ ಬೆರಳುಗಳನ್ನು ಬ್ರೇಕಿನಿಂದ ದೂರ ಎತ್ತಿ ಹಿಡಿದು ಗಾಡಿ ಹೊಡೆಯತೊಡಗಿದೆ. ಎಂಥ ಅಪಾಯದ ಕೆಲಸ ಅದು ಎಂದು ಈಗ ಅನ್ನಿಸುತ್ತದೆ.

ಕಣ್ಣಿನ ಡಾಕ್ಟರ ಬಳಿ ಹೋಗುವ ದಿನ ನನ್ನ ಗಂಡನಿಗೆ ಪೇಟೆಯಲ್ಲಿ ಮೆಣಸಿನಕಾಯಿ ಹರಾಜಿನ ಟೆಂಡರ್ ಇತ್ತು. ಬಸ್ಸಿನ ಧೂಳು, ನೂಕಾಟ ಆಪರೇಷನ್ ಆದ ಕಣ್ಣಿಗೆ ಬೇಡವೆಂದು, ಸರ್ವಿಸ್ ಆಗಿದೆಯಲ್ಲ, ಸ್ಕೂಟರಿನಲ್ಲೇ ಹೋಗಿ ಎಂದರು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಹಿಂದೆ ಕೂತರು. ಹೈವೇಯಲ್ಲಿ ಅರ್ಧ ದಾರಿ ಸರಿಯಾಗಿಯೇ ಹೋದೆವು.

ಮೇಲ್ಸೇತುವೆಯ ಏರಿನಲ್ಲಿ ಗಾಡಿ ಕೈ ಕೊಟ್ಟಿತು. ಎಂಜಿನ್ ಕಿರುಚುತ್ತಿದೆ, ವೇಗ ಇಳಿಯುತ್ತಲೇ ಇದೆ. ಎಡಕ್ಕೆ ಸರಿಯೋಣವೆಂದರೆ ಸೇತುವೆಯ ತಡೆಗೋಡೆ, ಒಂದು ಗೇಣು ಜಾಗವಿಲ್ಲ. ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಹಿಂದಿನಿಂದ ಲಾರಿಯ ಹಾರ್ನ್ ಬಿಡದೆ ಹತ್ತಿರ ಹತ್ತಿರ ಬಂತು. ಕನ್ನಡಿಯಲ್ಲಿ ಲಾರಿಯ ಮೂತಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅತ್ತೆ ಎರಡೂ ಕೈಗಳಿಂದ ನನ್ನ ಸೊಂಟವನ್ನು ಬಿಗಿಯಾಗಿ ಹಿಡಿದರು. ಟೈರುಗಳು ರಸ್ತೆಯನ್ನು ಕೆರೆದ ಸದ್ದು ಕೇಳಿತು. ಗಾಡಿ ನಿಂತಿತು, ಲಾರಿಯೂ ನಿಂತಿತು. ತಿರುಗಿ ನೋಡಿದರೆ ಅದರ ಬಂಪರ್ ಅತ್ತೆಯ ಬೆನ್ನಿಗೆ ಕೈಯಳತೆಯಲ್ಲಿತ್ತು.

ಡ್ರೈವರ್ ಇಳಿದು ಬಂದ. ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ. ಆತನ ಮುಖವೂ ಬಿಳಿಚಿಕೊಂಡಿತ್ತು. "ಅವ್ವಾರ, ಪೆಟ್ಟೇನೂ ಬಿದ್ದಿಲ್ಲಲ್ರಿ?" ಎಂದಷ್ಟೇ ಕೇಳಿದ. ನಾನು ಗಾಡಿ ತಳ್ಳುತ್ತ, ಅತ್ತೆ ಪಕ್ಕದಲ್ಲಿ ನಡೆಯುತ್ತ ಸೇತುವೆ ದಾಟುವವರೆಗೆ ಆತ ಲಾರಿಯನ್ನು ನಮ್ಮ ಹಿಂದೆ ನಡಿಗೆಯ ವೇಗದಲ್ಲಿ ತಂದ. ಬೇರೆ ವಾಹನಗಳವರು ಹಾರ್ನ್ ಹೊಡೆದು ಬೈದರೂ ದಾರಿ ಬಿಡಲಿಲ್ಲ. ಕೆಳಗಿಳಿದ ಮೇಲೆ ಕೈಯೆತ್ತಿ ಹೊರಟುಹೋದ. ಹೆಸರನ್ನೂ ಕೇಳಲಾಗಲಿಲ್ಲ.

ಸರ್ವಿಸ್ ರಸ್ತೆಯ ಬದಿಯ ಬೇವಿನ ಮರದ ಕೆಳಗೆ ನಿಂತಾಗ ಅತ್ತೆ ಹೇಳಿದರು, "ನಿನ್ನ ಕೈ ಬ್ರೇಕಿನ ಮ್ಯಾಲ ಇರಲಿಲ್ಲ ನೋಡವ್ವಾ. ನಾ ಹಿಂದಿಂದ ಅದನ್ನ ನೋಡಕೋತ ಬಂದೇನಿ."

ಅವರು ಹಾಗೆ ಹೇಳಿದ ಮೇಲೆ ನಾನು ಗಾಡಿಯ ಎಡಬದಿಗೆ ಕುಕ್ಕರಗಾಲಿನಲ್ಲಿ ಕೂತು ಬೆಲ್ಟಿನ ಕವರನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಮೇಲೆಲ್ಲ ನೀರು ಹೊಡೆದು ಥಳಥಳ ತೊಳೆದಿದ್ದರು. ಆದರೆ ಸ್ಕ್ರೂಗಳು ಕೂತಿದ್ದ ಗುಳಿಗಳಲ್ಲಿ ಹಿಂದಿನ ಮಳೆಗಾಲದ ಎರೆಮಣ್ಣು ಕಲ್ಲಿನಂತೆ ಒಣಗಿ ಕೂತಿತ್ತು. ಒಂದನ್ನಲ್ಲ, ಎಲ್ಲವನ್ನೂ ನೋಡಿದೆ. ಆ ಮಣ್ಣು ತೆಗೆಯದೆ ಸ್ಕ್ರೂ ತಿರುವಲು ಸಾಧ್ಯವೇ ಇಲ್ಲ. ಅವರು ಕವರನ್ನು ಬಿಚ್ಚಿಯೇ ಇರಲಿಲ್ಲ. ನೋಡದೆಯೇ ನೋಡಿದ್ದೇವೆ ಎಂದಿದ್ದರು.

ಮೊದಲು ಆಸ್ಪತ್ರೆಗೆ ಹೋಗೋಣವೆಂದೆ. "ಕಣ್ಣು ಎಲ್ಲಿ ಓಡಿ ಹೋಗತೈತಿ? ಮೊದಲ ಅಲ್ಲಿಗೆ ನಡಿ," ಎಂದರು ಅತ್ತೆ. ಗಾಡಿ ತಣ್ಣಗಾದ ಮೇಲೆ ಸ್ವಲ್ಪ ಎಳೆಯತೊಡಗಿತು. ಒಳರಸ್ತೆಯಲ್ಲೇ ತೆವಳುತ್ತ ರಾಣೇಬೆನ್ನೂರು ಮುಟ್ಟಿದೆವು.

ಸುಪರ್‌ವೈಜರ್ ನನ್ನನ್ನು ನೋಡಿ ನಕ್ಕ. ಕವರನ್ನು ಇಲ್ಲೇ, ನನ್ನ ಕಣ್ಣೆದುರಿಗೇ ಬಿಚ್ಚಿಸಿ ಎಂದೆ. ಗಿರಾಕಿಗಳನ್ನು ಒಳಗೆ ಬಿಡುವುದಿಲ್ಲ, ಗಾಡಿ ಬಿಟ್ಟು ಸಂಜೆ ಬನ್ನಿ ಎಂದ. ಅತ್ತೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ವರ್ಕ್‌ಶಾಪಿನ ಬಾಗಿಲಿಗೆ ಅಡ್ಡವಾಗಿ ಕೂತುಬಿಟ್ಟರು.

"ತಮ್ಮಾ, ಮೊನ್ನೆರ ಕಣ್ಣ ಮಾಡಿಸ್ಕೊಂಡೇನಿ. ನೀವು ಅದನ್ನ ಬಿಚ್ಚೂದು ಈ ಕಣ್ಣಿಲೆ ನೋಡಬೇಕು. ಅಲ್ಲೀತನಾ ಏಳಂಗಿಲ್ಲ."

ಬೇರೆ ದಾರಿಯಿರಲಿಲ್ಲ. ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಿದರು. ಮೆಕ್ಯಾನಿಕ್ ಸ್ಕ್ರೂಗಳ ಮಣ್ಣನ್ನು ಮೊಳೆಯಿಂದ ಕೆದರಬೇಕಾಯಿತು. ಸುತ್ತ ನಿಂತವರೆಲ್ಲ ಅದನ್ನು ನೋಡಿದರು. ಕವರ್ ಬಿಚ್ಚಿದಾಗ ಒಳಗಿನಿಂದ ಕರಿ ಪುಡಿ ಉದುರಿತು. ಬೆಲ್ಟಿನ ಅಂಚು ಗಾಜಿನಂತೆ ನುಣುಪಾಗಿತ್ತು, ಹಲ್ಲುಗಳ ಬುಡದಲ್ಲೆಲ್ಲ ಬಿರುಕು, ಒಂದು ಕಡೆ ನೂಲು ಎದ್ದು ಬಂದಿತ್ತು. ಹೊಸ ಬೆಲ್ಟಿನ ಪಕ್ಕ ಹಿಡಿದರೆ ಇದು ಅಗಲದಲ್ಲಿ ಎದ್ದು ಕಾಣುವಷ್ಟು ಸಣ್ಣಗಾಗಿತ್ತು. ವೇಗಕ್ಕೆ ತಕ್ಕಂತೆ ಬೆಲ್ಟನ್ನು ಒತ್ತುವ, ದುಂಡಗಿರಬೇಕಾದ ರೋಲರ್‌ಗಳು ಒಂದು ಬದಿಗೆ ಚಪ್ಪಟೆಯಾಗಿದ್ದವು.

ಹುಡುಗರು ನೋಡಿದ್ದೇವೆ ಎಂದಿದ್ದರು ಎಂದು ಸುಪರ್‌ವೈಜರ್ ಅವರ ಮೇಲೆ ಹಾಕಲು ಹೋದ. ನಾನು ಚೀರಲಿಲ್ಲ. ಚೀರಿದರೆ ಅದನ್ನೇ ದೊಡ್ಡದು ಮಾಡುತ್ತಾರೆಂದು ಗೊತ್ತಿತ್ತು.

"ಬೆಲ್ಟ್ ಸವೆಯೂದು ಯಾರ ತಪ್ಪೂ ಅಲ್ರಿ," ಎಂದೆ. "ನೀವು ನೋಡಲಾರದ ನೋಡೇವಿ ಅಂದ್ರಿ. ಮ್ಯಾಲ ನನ್ನ ಕೈಯಾಗ ಐಬು ಐತಿ ಅಂದ್ರಿ. ಇವತ್ತ ಆ ಲಾರಿ ನಿಲ್ಲದಿದ್ರ ನಾವಿಬ್ಬರೂ ಈಗ ಇರ್ತಿದ್ದಿಲ್ಲ."

ಆತ ಅತ್ತೆಯ ಕಡೆ ತಿರುಗಿ, ತಪ್ಪಾಯಿತು ಅಮ್ಮಾರೇ ಎಂದ. ಹೇಳಿದ್ದು ಅವರಿಗೆ, ನನಗಲ್ಲ. ನನಗೆ ಮೈಯೆಲ್ಲ ಉರಿಯಿತು.

"ನನಗ್ಯಾಕ ಹೇಳತಿ? ಗಾಡಿ ಅಕೀದು, ನಿನ್ನ ಕಡೆ ಹೇಳಾಕ ಬಂದಾಕಿನೂ ಅಕೀನ," ಎಂದರು ಅತ್ತೆ. ಆಗ ನೆಲ ನೋಡುತ್ತ ನನಗೂ ಅದೇ ಮಾತು ಹೇಳಿದ. ಆತ ತರಿಸಿದ ತಂಪು ಪಾನೀಯವನ್ನು ನಾವಿಬ್ಬರೂ ಮುಟ್ಟಲಿಲ್ಲ.

ಬೆಲ್ಟ್, ರೋಲರ್ ಹೊಸದು ಹಾಕಿದ ಮೇಲೆ ಗಾಡಿ ಸರಿಹೋಯಿತು. ಅತ್ತೆಯ ಕಣ್ಣೂ ಚೆನ್ನಾಗಿದೆ ಎಂದರು ಡಾಕ್ಟರು. ಸಂಜೆ ಎಲ್ಲವನ್ನೂ ಕೇಳಿದ ನನ್ನ ಗಂಡ, ಆದದ್ದಾಯಿತು, ಈಗ ಸರಿಹೋಗಿದೆಯಲ್ಲ, ಬಿಡು ಎಂದರು. ನಾನು ಬಿಡಲಿಲ್ಲ. ದಿನಾ ಗಾಡಿ ಹೊಡೆಯುವ ಹೆಂಡತಿಯ ಮಾತಿಗಿಂತ ಗುರುತಿಲ್ಲದ ಒಬ್ಬನ ಮಾತು ಹೇಗೆ ಹೆಚ್ಚಾಯಿತು ಎಂದು ಕೇಳಿದೆ.

ಸಿಟ್ಟು ಒಳ್ಳೆಯದಲ್ಲ, ಮರೆತುಬಿಡು ಎನ್ನುವವರಿದ್ದಾರೆ. ಆದರೆ ನನಗೆ ಒಂದು ಮಾತು ಚೆನ್ನಾಗಿ ಗೊತ್ತು. ಅಂದು ಆ ಡ್ರೈವರನಿಗೆ ಲಾರಿ ನಿಲ್ಲಿಸಲು ಆಗದಿದ್ದರೆ, ನಮ್ಮಿಬ್ಬರ ಮಣ್ಣಿಗೆ ಬಂದವರೆಲ್ಲ ಹೆಣ್ಣುಮಗಳಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ ಎಂದೇ ಮಾತಾಡಿಕೊಂಡು ಹೋಗುತ್ತಿದ್ದರು. ಆ ಕವರನ್ನು ಬಿಚ್ಚಿ ನೋಡುವವರು ಒಬ್ಬರೂ ಇರುತ್ತಿರಲಿಲ್ಲ.