ಚಿಕ್ಕಪ್ಪನ ತಟ್ಟೆಗೆ ಬೀಳದ ಶೇಂಗಾ

ಇವತ್ತು ಶೇಂಗಾ ಹುರಿಯುವ ವಾಸನೆಗೆ ಚಳ್ಳಕೆರೆಯ ನಮ್ಮ ಪಡಸಾಲೆ ನೆನಪಾಯಿತು. ಭಾನುವಾರ ಮಧ್ಯಾಹ್ನ ಅಪ್ಪ ಮತ್ತು ಅವರ ಗೆಳೆಯರು ವಿಸಿಆರ್‌ನಲ್ಲಿ ಹಳೆಯ ಬಾಕ್ಸಿಂಗ್ ಪಂದ್ಯ ಹಾಕಿಕೊಂಡು ಕೂರುತ್ತಿದ್ದರು. ಇಬ್ಬರು ಬಾಕ್ಸರ್‌ಗಳ ಹೆಸರಲ್ಲಿ ಟಿವಿ ಮುಂದೆ ಎರಡು ತಟ್ಟೆ. ಪ್ರತಿ ಸುತ್ತು ಮುಗಿದ ಮೇಲೆ ಯಾರು ಗೆದ್ದರೆಂದು ಕಂಡಿತೋ ಅವರ ತಟ್ಟೆಗೆ ಒಬ್ಬೊಬ್ಬರೂ ಒಂದು ಶೇಂಗಾ ಹಾಕಬೇಕು. ರೆಫರಿ ಏನೇ ಹೇಳಿರಲಿ, ನಮ್ಮ ಮನೆಯಲ್ಲಿ ತಟ್ಟೆ ಹೇಳಿದ್ದೇ ತೀರ್ಪು.

ಮಿಲಿಟರಿಯಲ್ಲಿ ಬಾಕ್ಸಿಂಗ್ ಆಡಿ ಬಂದಿದ್ದ ಚಿಕ್ಕಪ್ಪನ ಹತ್ತಿರ ಅವನದೇ ಪಂದ್ಯದ ಕ್ಯಾಸೆಟ್ ಇತ್ತು. ಅದರಲ್ಲಿ ಅವನು ಸೋತಿದ್ದ. "ಮೋಸ ಮಾಡಿದ್ರು, ಗೆದ್ದೋನು ನಾನೇ" ಎಂದು ಊರಿಗೆಲ್ಲ ಹೇಳಿಕೊಂಡಿದ್ದ. ಮೊಳಕಾಲ್ಮೂರಿನಿಂದ ಹೆಣ್ಣು ಕೊಡಲು ಬಂದವರ ಮುಂದೆಯೂ ಅದನ್ನೇ ಹೇಳಿದ.

"ಹಾಕಲೇ ಆ ಕ್ಯಾಸೆಟ್ಟು, ನೋಡೇಬಿಡಾನ" ಎಂದರು ಅಪ್ಪ.

ಮೊದಲ ಸುತ್ತಿಗೇ ಅಪ್ಪ ಎದುರಾಳಿಯ ತಟ್ಟೆಗೆ ಹಾಕಿದರು. ಗೆಳೆಯರೂ ಅಲ್ಲಿಗೇ ಹಾಕಿದರು. ಕೊನೆಗೆ ಚಿಕ್ಕಪ್ಪನ ತಟ್ಟೆಯಲ್ಲಿ ಅವನೇ ಹಾಕಿಕೊಂಡ ಕಾಯಿಗಳು ಮಾತ್ರ ಉಳಿದವು.

"ನೀನಾದ್ರೂ ಹಾಕವ್ವಾ" ಎಂದು ನನ್ನನ್ನು ನೋಡಿದ. ನನಗೆ ಕಂಡಂತೆ ಹಾಕಿದೆ, ಎದುರಾಳಿಗೆ.

ಹೆಣ್ಣಿನ ತಂದೆ ಎದ್ದು ಟವೆಲ್ ಕೊಡವಿದರು. "ಸೋತೋನಿಗೆ ಮಗಳನ್ನ ಕೊಟ್ಟೇನು ರೀ, ಸುಳ್ಳು ಹೇಳೋನಿಗೆ ಕೊಡಂಗಿಲ್ಲ."

ಅಪ್ಪ ನಗುತ್ತಾ ಚಿಕ್ಕಪ್ಪನ ತಟ್ಟೆಯನ್ನೇ ಅವರ ಮುಂದೆ ಹಿಡಿದರು. "ತಿಂದು ಹೋಗ್ರಿ, ಇನ್ನೂ ಬಿಸಿ ಐತೆ."

ಮದುವೆಯಾಗದ ಚಿಕ್ಕಪ್ಪ ಈಗ ನನ್ನ ಮನೆಯಲ್ಲೇ ಇದ್ದಾನೆ. ಇವತ್ತು ಹುರಿದದ್ದನ್ನು ಕೊಟ್ಟರೆ, ಒಂದು ಕಾಯಿ ನನ್ನ ಅಂಗೈಗಿಟ್ಟು ಇನ್ನೊಂದು ಖಾಲಿ ತಟ್ಟೆಯನ್ನು ನನ್ನ ಮುಂದೆ ಹಿಡಿದ. "ಈಗಾದ್ರೂ ಹಾಕವ್ವಾ."

ನಾನು ಅದನ್ನು ಸುಲಿದು ತಿಂದೆ.