ಆಳಕ್ಕ ಇಳಿಸಿದ ಗಂಗಮ್ಮ

ನಮ್ಮ ಊರು ಕಾಲುವೆಯ ಕೊನಿಗೆ ಅದ. ಮ್ಯಾಲಿನವರ ಭತ್ತ ಕುಡಿದು ಬಿಟ್ಟಿದ್ದಷ್ಟೇ ನಮಗ, ಅದೂ ಬಂದರ ಬಂತು. ಓಟು ಕೇಳಾಕ ಸುರಪುರದಿಂದ ಬಂದವರೆಲ್ಲ ಕಾಲುವೆ ನೀರು ತರ್ತೀವಿ ಅಂದು ಹೋದರು. ನನ್ನ ಸೊಸಿ ಪಂಚಾಯ್ತಿ ಮೆಂಬರ್ ಆದಾಗ ಆ ಮಾತೇ ಎತ್ತಲಿಲ್ಲ. "ಮೊದಲ ಇದ್ದ ಕೆರಿ ಉಳಿಸ್ಕೊಳ್ಳೋಣ, ಆಮ್ಯಾಲ ಕಾಲುವಿಗೆ ಜಗಳಾಡೋಣ," ಅಂದಳು.

ಕೆರಿಯೊಳಗ ಗಂಗಮ್ಮನ ಕಲ್ಲು ಅದ. ನೀರು ಇಳಿದು ಆಕಿ ಮುಖ ಕಂಡಿತು ಅಂದರ ಹೊಲಕ್ಕ ನೀರು ಎತ್ತೋದು ಬಂದ್. ಉಳಿದದ್ದು ದನಕ್ಕ, ಮತ್ತ ಕೆರಿ ಕೆಳಗಿನ ಸೇದೋ ಬಾವಿಗೆ. ಇದು ಹಿರೇರ ಪದ್ಧತಿ. ಮೋಟಾರು ಬಂದ ಮ್ಯಾಲ ಎಲ್ಲರೂ ಮರೆತಿದ್ದರು. ಸೊಸಿ ಅದನ್ನೇ ಗ್ರಾಮಸಭೆಯೊಳಗ ಠರಾವು ಮಾಡಿಸಿದಳು. ಆವಾಗ ಕೆರಿ ತುಂಬಿತ್ತು, ಎಲ್ಲರೂ ಕೈ ಎತ್ತಿದರು.

ಈ ಬ್ಯಾಸಿಗಿಯೊಳಗ ಎಮ್ಮಿಗೆ ನೀರು ಕುಡಿಸಾಕ ಹೋಗಿ ನೋಡ್ತೀನಿ, ದಂಡಿಯೆಲ್ಲ ಒಣಗಿ ಬಿರುಕು ಬಿಟ್ಟದ, ಗಂಗಮ್ಮನ ಮುಖ ಮಾತ್ರ ಇನ್ನೂ ನೀರಾಗ. ಕೆಸರಿನಾಗ ಟ್ರ್ಯಾಕ್ಟರ್ ಗಾಲಿ ಗುರುತು, ಕಲ್ಲು ಎಳೆದ ಗೀರು. ಮೋಟಾರು ಬಂದ್ ಆಗಬಾರದಂತ ಗಂಗಮ್ಮನ್ನೇ ಕಿತ್ತು ಆಳಕ್ಕ ಇಳಿಸಿದ್ದರು. ದೇವರಿಗೆ ಕೈ ಹಚ್ಚಾಕ ಅಂಜದವರು ಒಬ್ಬ ಹೆಣ್ಣಮಗಳಿಗೆ ಅಂಜ್ತಾರೇನು?

ಸೊಸಿಗೆ ಹೇಳೋದೇ ಬ್ಯಾಡ ಅನಿಸ್ತು. ಆದರ ಬಾವಿಯೊಳಗ ಹಗ್ಗ ಸಾಲದ ಮತ್ತೊಂದು ಹಗ್ಗ ಗಂಟು ಹಾಕಿದ್ದಿವಿ. ಹೇಳಿದೆ.

ಆಕಿ ಸೆರಗು ಸಿಗಿಸಿಕೊಂಡು ಹೊಂಟೇಬಿಟ್ಟಳು. ಹಿಂದ ನಾನು. ಒಡ್ಡಿನ ಮ್ಯಾಲ ಮೋಟಾರಿನವರೆಲ್ಲ ಕುಂತಿದ್ದರು, ನಡುವ ನನ್ನ ಮೈದುನನ ಮಗ, ಕೈಯಾಗ ಕಬ್ಬಿಣದ ಹಾರಿ. ಹಿಂದೊಮ್ಮೆ ಕಾಲುವೆ ಗೇಟಿನ ಜಗಳದಾಗ ಒಬ್ಬನ ತಲಿ ಒಡೆದದ್ದು ಅಂಥಾದ್ದೇ ಹಾರಿಯಿಂದ. ಹೊಡೆದವರು ಯಾರು ಅಂತ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

"ದೊಡ್ಡವ್ವ, ನಿನ್ನ ಸೊಸಿಗೆ ಹೇಳು. ಗಂಗಮ್ಮಗ ಸೆಕಿ ಆತು, ತಾನೇ ಒಳಗ ಇಳಿದಾಳ," ಅಂದ.

"ಇಳಿದಾಳ ಖರೆ, ಭಾವಾ. ಟ್ರ್ಯಾಕ್ಟರ್ ಹೊಡೆಯೋದು ಯಾವಾಗ ಕಲಿತಳು?" ಅಂದಳು ಸೊಸಿ.

ಕುಂತವರೆಲ್ಲ ಘೊಳ್ಳಂತ ನಕ್ಕರು. ಅವ ನಗಲಿಲ್ಲ. ನನಗ ಆ ನಗಿ ಬ್ಯಾಡಾಗಿತ್ತು. ಮಂದಿಯೊಳಗ ನಗೆಪಾಟಲಾದ ಗಂಡಸು ಮರೆಯೋದಿಲ್ಲ.

ಆಕಿ ನೆಟ್ಟಗ ನಮ್ಮದೇ ಮೋಟಾರಿನ ಹತ್ರ ಹೋಗಿ ಫ್ಯೂಜ್ ಕಿತ್ತಳು. ಅಲ್ಲೇ ನಿಂತಿದ್ದ ನನ್ನ ಮಗ, "ಶೇಂಗಾ ಒಣಗ್ತದಲ್ಲೇ," ಅಂದ.

"ಒಣಗಲಿ. ಪೈಪು ಹಿಡೀರಿ."

ಹಿಡಿದ. ಅದನ್ನ ನೋಡಿ ಇನ್ನಿಬ್ಬರು ಎದ್ದರು. ಸಂಜಿಗೆ ಎಲ್ಲಾ ಮೋಟಾರು ದಂಡಿಗೆ ಬಂದಿದ್ದವು, ಮೈದುನನ ಮಗಂದು ಬಿಟ್ಟು.

ಅವಂದು ಇನ್ನೂ ನೀರಾಗೇ ಅದ. ಠಾಣೆಗೆ ಹೋಗು ಅಂದರ, "ಠರಾವು ಊರಿಂದು, ಊರೇ ಎತ್ತಿಸಬೇಕು," ಅಂತಾಳ. ಕಲ್ಲು ಇನ್ನೂ ಆಳಕ್ಕ ಜರುಗಿಸಿಯಾರು ಅಂತ ದಿನಾ ಮುಂಜಾನಿ ಕೆರಿಗೆ ಹೋಗಿ ನೋಡ್ತಾಳ.

ನಿನ್ನಿ ಅವ ಬಾಗಿಲಿಗೆ ಬಂದಿದ್ದ. ಸಣ್ಣವ ಇದ್ದಾಗಿಂದ ನಮ್ಮ ಮನಿಯಾಗ ಉಂಡವ, ಒಳಗ ಬರಲಿಲ್ಲ. "ಮೆಂಬರ್ರು ಅದಾರೇನ್ರಿ? ಮುಂಜಾನಿ ಒಬ್ಬರೇ ಕೆರಿಗೆ ಹೋಗ್ತಾರಂತಲ್ಲ," ಅಂದ, ಮೆತ್ತಗ. ಅವ ಒದರಿದ್ದರ ನಾನು ಇಷ್ಟು ಅಂಜುತ್ತಿದ್ದಿಲ್ಲ.

ಇವತ್ತು ಆಕಿ ಹೊಂಟಾಗ ನಾನೂ ಎದ್ದೆ.

"ಅತ್ತಿ, ನೀವ್ಯಾಕ ಬರ್ತೀರಿ? ಮೊಣಕಾಲು ಹಿಡಿದಾವ ಅಂತಿದ್ರಿ."

ಕುಡಗೋಲು ಸೆರಗಿನಾಗ ಮುಚ್ಚಿಕೊಂಡು, "ಸುಮ್ನ ನಡಿ," ಅಂದೆ.